ಹೊಸ್ತಿಲಿಗೆ ಅಡ್ಡಬಿದ್ದ ಯಂತ್ರಮಾನವ

"ಕೇಳ್ರಪ್ಪೋ ಕೇಳಿ! ಕನಕವಳ್ಳಿಯ ರಾಜಕುಮಾರಿ ಪದ್ಮರೇಖೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರ ಕೈ ಹಿಡಿಯುವ ಭಾಗ್ಯ. ಒಂದು ತಪ್ಪಿದರೂ ತಲೆದಂಡ!"

ಹೀಗೆ ಡಂಗುರ ಸಾರಿದ್ದೇ ತಡ, ಅರಮನೆಗೆ ರಾಜಕುಮಾರರ ಸಾಲು ಹತ್ತಿತು. ಒಗಟು ಮಗಳದು, ತಲೆಯ ಮಾತು ಸೇರಿಸಿದ್ದು ಅಪ್ಪ, ಧವಳಸೇನ ಮಹಾರಾಜ. ಅವನದು ಇನ್ನೊಂದು ಕಟ್ಟಳೆಯೂ ಇತ್ತು: ಅರಮನೆಯ ಯಾವ ವಸ್ತುವಿಗೂ ಕುಂದು ಹೇಳಕೂಡದು, ರಾಜಕುಮಾರಿಯ ವಸ್ತುವನ್ನಂತೂ ಬೇರೆಯವರು ಮುಟ್ಟಲೂ ಕೂಡದು. ಪಾಯಸಕ್ಕೆ ಉಪ್ಪು ಬಿದ್ದರೂ "ಆಹಾ, ಎಂಥ ಗಂಭೀರ ರುಚಿ!" ಎಂದು ಚಪ್ಪರಿಸಬೇಕು. ಇಂಥವರ ನಡುವೆ ಬೆಳೆದ ಹುಡುಗಿಗೆ ಹೊಗಳುವ ಗಂಡ ಬೇಡವೆನಿಸಿದರೆ ಅದು ಅವಳ ತಪ್ಪಲ್ಲ.

ಅವಳಿಗಿದ್ದ ಸಂತೋಷ ಒಂದೇ. ಕಡಲಾಚೆಯ ವ್ಯಾಪಾರಿಯೊಬ್ಬ ಕೊಟ್ಟುಹೋದ ಪೆಟ್ಟಿಗೆ. ಅದರ ತುಂಬ ಮರದ ಕೈ, ಕಾಲು, ಗಾಲಿ, ತಿರುಪು. ಜೋಡಿಸಿದರೆ ಮೊಣಕಾಲೆತ್ತರದ ಯಂತ್ರಮಾನವ. ಹೊಕ್ಕುಳಿನ ಕೀಲಿ ತಿರುಗಿಸಿದರೆ ಟಕಟಕನೆ ನಡೆಯುತ್ತಿದ್ದ.

ಒಂದು ದಿನ ತುಂಬಿದ ಸಭೆಯಲ್ಲಿ ಅವನ ನಡಿಗೆ ನಡೆದಿತ್ತು. ಬಾವಿಗೆ ಹಗ್ಗ ತಂದಿದ್ದ ಸಣ್ಣೀರ ಎಂಬ ಬಡವ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಯಂತ್ರಮಾನವ ಎದೆ ಸೆಟೆಸಿಕೊಂಡು ಬಂದ, ಹೊಸ್ತಿಲು ಎಡವಿದ, ದಬಾರನೆ ಬೋರಲು ಬಿದ್ದ.

"ಆಹಾ, ಹೊಸ್ತಿಲಿಗೆ ಸಾಷ್ಟಾಂಗ ನಮಸ್ಕಾರ! ಎಂಥ ಸಂಸ್ಕಾರ!" ಎಂದರು ಆಸ್ಥಾನದ ಜೋಯಿಸರು. ಸಭೆಯೆಲ್ಲ ತಲೆದೂಗಿತು.

ಸಣ್ಣೀರನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಮ್ಮನಾಗದೆ, "ಅಯ್ಯೋ ಪಾಪ" ಎಂದು ಅದನ್ನೆತ್ತಿ ನಿಲ್ಲಿಸಿಯೂ ಬಿಟ್ಟ.

"ನಕ್ಕಿದ್ದಲ್ಲದೆ ಮುಟ್ಟಿದೆಯಾ!" ರಾಜ ಗುಡುಗಿದ. "ತಲೆ ಉಳಿಯಬೇಕಾದರೆ ಒಗಟು ಬಿಡಿಸು. ಇಲ್ಲವಾದರೆ ಲಾಯದಲ್ಲಿರುವವರ ಜೊತೆ ನೀನೂ ಹೋಗು."

ಅಲ್ಲಿಯವರೆಗೆ ಸೋತವರೆಲ್ಲ ಕುದುರೆ ಲಾಯದಲ್ಲಿ ಹುಲ್ಲಿನ ಮೇಲೆ ಮಲಗಿದ್ದರು. ತಲೆ ಕಡಿಯಲು ಜೋಯಿಸರಿಗೆ ಒಳ್ಳೆಯ ಮುಹೂರ್ತವೇ ಸಿಕ್ಕಿರಲಿಲ್ಲ. ಹಾಳಾದ್ದು, ಅದು ಮರುದಿನಕ್ಕೇ ಸಿಕ್ಕಿತ್ತು.

"ತಪ್ಪಾಯ್ತು ಬುದ್ಧೀ! ನಾನು ಸತ್ರೆ ನಮ್ಮವ್ವ ಹೆಂಗೆ ಹಗ್ಗ ಹೊಸೀತಾಳೆ? ಒಬ್ರು ತುದಿ ಹಿಡೀಬೇಕು, ಒಬ್ರು ಹೊಸೀಬೇಕು" ಎಂದು ಸಣ್ಣೀರ ಅಂಗಲಾಚಿದ. ರಾಜ ಕೇಳಲಿಲ್ಲ.

ಅಂದು ಒಗಟು ಬಿಡಿಸಲು ಇನ್ನಿಬ್ಬರು ರಾಜಕುಮಾರರು ಬಂದಿದ್ದರು. ಪದ್ಮರೇಖೆ ಮೊದಲನೆಯವನನ್ನು ಕೇಳಿದಳು: "ಒಬ್ಬನಿಗೆ ಸಾವೇ ಇಲ್ಲ. ಬೆಳಗ್ಗೆ ಕೈಕಾಲು ಕಿತ್ತು ರಾಶಿ ಹಾಕಿದರೆ ಮಧ್ಯಾಹ್ನ ಆನೆಯಾಗಿ ಏಳುತ್ತಾನೆ, ಸಂಜೆ ಮೊಸಳೆಯಾಗುತ್ತಾನೆ. ಯಾರವನು?"

"ಸಾವಿಲ್ಲದವರು ಇನ್ಯಾರು? ನಿಮ್ಮ ತಂದೆಯವರೇ!" ಎಂದ ಆತ. ರಾಜ ಮೀಸೆ ತಿರುವಿದ. ಕೈಕಾಲು ಕೀಳುವ ಮಾತು ಆಮೇಲೆ ನೆನಪಾಗಿ, "ಒಯ್ಯಿರಿ ಇವನನ್ನು!" ಎಂದ.

ಸಣ್ಣೀರ ತಲೆ ಕೆರೆದುಕೊಂಡ. "ಈ ಬೊಂಬೆಯಪ್ಪನೇ ಇರ್ಬೇಕು, ಅಮ್ಮಣ್ಣೀ. ಎತ್ತಿದಾಗ ನೋಡ್ದೆ, ಮೈಯೆಲ್ಲ ತಿರುಪು. ಬಿಚ್ಚಿದ್ರೆ ಸಾಯಾಕಿಲ್ಲ, ಇನ್ನೊಂದಾಗಿ ಹುಟ್ತಾನೆ."

"ಸರಿ" ಎಂದ ರಾಜಕುಮಾರಿ ಎರಡನೆಯವನ ಕಡೆ ತಿರುಗಿದಳು. "ದಣಿವೇ ಅರಿಯದ ಈ ಶೂರನಿಗೆ ಮನೆಯೊಳಗೇ ಒಬ್ಬ ಶತ್ರು. ಅವನು ಮಲಗಿದಲ್ಲಿಂದ ಏಳುವುದಿಲ್ಲ, ಕೈ ಎತ್ತುವುದಿಲ್ಲ. ಆದರೂ ದಿನವೂ ಇವನನ್ನು ಕೆಡವುತ್ತಾನೆ. ಆ ಶತ್ರು ಯಾರು?"

ಉತ್ತರ ಕಣ್ಣೆದುರಿಗೇ ಇತ್ತು. ಆದರೆ ಕುಂದು ಹೇಳಬಾರದಲ್ಲ! "ಇವನಿಗೆ ಶತ್ರುವೇ ಇಲ್ಲ. ಇವನು ಬೀಳುವುದೂ ಇಲ್ಲ" ಎಂದ ರಾಜಕುಮಾರ, ತಾನೇ ಲಾಯದ ದಾರಿ ಹಿಡಿದ.

"ಹೊಸ್ತಿಲು, ತಾಯಿ" ಎಂದ ಸಣ್ಣೀರ. "ಹೆಜ್ಜೆ ಎಳೀತಾನೆ, ಎತ್ತಲ್ಲ. ನಮಸ್ಕಾರ ಗಿಮಸ್ಕಾರ ಏನಿಲ್ಲ, ಬೀಳ್ತಾನೆ ಅಷ್ಟೇ."

ಸಭೆ ಕಿವಿ ಮುಚ್ಚಿಕೊಂಡಿತು. ಪದ್ಮರೇಖೆ ತುಟಿ ಕಚ್ಚಿ ನಗು ತಡೆದಳು. ಆದರೆ ಮೂರನೆಯದನ್ನು ಕೇಳುವಾಗ ಅವಳ ದನಿ ಮೆತ್ತಗಾಯಿತು. "ಪೆಟ್ಟಿಗೆಯಲ್ಲಿ ಎಲ್ಲ ಭಾಗವೂ ಇದೆ, ಒಂದೂ ಕಳೆದಿಲ್ಲ. ಆದರೂ ಪೆಟ್ಟಿಗೆಯಲ್ಲಿಲ್ಲದ ಒಂದು ಬೇಕು, ಅದಿಲ್ಲದೆ ಇವನನ್ನು ಕಟ್ಟುವುದು ಬಲು ಕಷ್ಟ. ಯಾವುದದು?"

ಸಣ್ಣೀರ ಬೆವೆತ. ಎಣ್ಣೆಯೇ? ಅಂಟೇ? ಏನೂ ಹೊಳೆಯಲಿಲ್ಲ. ಇನ್ನು ಹಗ್ಗದ ತುದಿ ಹಿಡಿಯುವವರಿಲ್ಲದೆ ಅವ್ವ ಅದನ್ನು ಕಂಬಕ್ಕೆ ಕಟ್ಟಿಕೊಂಡು ಹೆಣಗುತ್ತಾಳೆ ಎಂದುಕೊಂಡು ಕಣ್ಣೊರೆಸಿಕೊಂಡ. ಆಗ ಅವನಿಗೆ ಯಂತ್ರಮಾನವನ ತೋಳಿನ ಮೇಲೆ ಏನೋ ಗುರುತು ಕಂಡಿತು. ಹತ್ತಿರ ಹೋಗಿ ನೋಡಿದ.

"ಅಮ್ಮಣ್ಣೀ, ತಪ್ಪು ತಿಳೀಬ್ಯಾಡಿ. ಇವು ನಿಮ್ಮ ಹಲ್ಲಿನ ಗುರುತಾ?"

ಸಭೆ ಬೆಚ್ಚಿತು. "ಹೌದು" ಎಂದಳು ಅವಳು.

"ಒಂದು ಕೈಯಾಗೆ ಮೈ ಹಿಡಿದ್ರಿ, ಇನ್ನೊಂದ್ರಾಗೆ ತಿರುಪು. ತೋಳು ಹಿಡಿಯಾಕೆ ಕೈ ಸಾಲ್ದೆ ಕಚ್ಕೊಂಡ್ರಿ. ಇಷ್ಟು ಜನ ನಿಂತು ಹೊಗಳಿದ್ರು, ಒಬ್ರೂ ಹಿಡ್ಕೊಳ್ಲಿಲ್ಲ. ಪೆಟ್ಟಿಗೇಲಿ ಇಲ್ದಿರೋದು ಇನ್ನೊಬ್ರ ಕೈ, ತಾಯಿ."

ಪದ್ಮರೇಖೆಯ ಕಣ್ಣು ತುಂಬಿತು. ರಾಜ ಸಿಂಹಾಸನದಿಂದ ಇಳಿದು ಬಂದು ಆ ಗುರುತುಗಳನ್ನು ಬೆರಳಿಂದ ಸವರಿದ. "ಮಗಳೇ, ಒಂದು ಮಾತು ಹೇಳಬಾರದಿತ್ತೇ?"

"ಅರಮನೆಯ ವಸ್ತುವಿಗೆ ಕುಂದು ಹೇಳಕೂಡದು, ನನ್ನದನ್ನು ಬೇರೆಯವರು ಮುಟ್ಟಲೂ ಕೂಡದಲ್ಲ, ಅಪ್ಪಾಜಿ."

ರಾಜನಿಗೆ ನಾಚಿಕೆಯಾಯಿತು. ಕಟ್ಟಳೆ ಅಲ್ಲಿಗೇ ಮುರಿಯಿತು. "ಏನು ಬೇಕೋ ಕೇಳಪ್ಪ" ಎಂದ. ಸಣ್ಣೀರ ಮೊದಲು ಲಾಯದವರನ್ನು ಬಿಡಿಸಿದ. ಅವರು ತಲೆ ಮುಟ್ಟಿ ನೋಡಿಕೊಳ್ಳುತ್ತ ಓಡಿದರು. ಮದುವೆಯ ಮಾತಿಗೆ, "ಅಮ್ಮಣ್ಣಿ ಒಪ್ಪಿದ್ರೆ, ನಮ್ಮವ್ವ ಒಪ್ಪಿದ್ರೆ" ಎಂದ. ಇಬ್ಬರೂ ಒಪ್ಪಿದರು.

ಮದುವೆಯ ದಿನ ಯಂತ್ರಮಾನವ ಅಕ್ಷತೆಯ ಬಟ್ಟಲು ಹೊತ್ತು ಬಂದ, ಹೊಸ್ತಿಲಲ್ಲಿ ಮುಗ್ಗರಿಸಿದ. ಜೋಯಿಸರು ಅಭ್ಯಾಸಬಲದಿಂದ "ಆಹಾ, ಸಾಷ್ಟಾಂಗ..." ಎಂದು ಬಾಯಿ ತೆರೆದರು.

"ಬಿದ್ದ ಅನ್ನಿ, ಜೋಯಿಸರೇ!" ಎಂದು ರಾಜನೇ ಮೊದಲು ನಕ್ಕ. ಮಂಟಪವೆಲ್ಲ ನಕ್ಕಿತು. ಕಳಚಿಬಿದ್ದ ತೋಳನ್ನು ಸಣ್ಣೀರ ಹಿಡಿದುಕೊಂಡ, ಪದ್ಮರೇಖೆ ತಿರುಪು ಬಿಗಿದಳು. ಆ ತೋಳಿನ ಮೇಲೆ ಮತ್ತೆಂದೂ ಹಲ್ಲಿನ ಹೊಸ ಗುರುತು ಬೀಳಲಿಲ್ಲ.