ಕಿಟಕಿಗೆ ಬೆನ್ನು ಮಾಡಿ ನಿಂತವಳು

ಮಲಪ್ರಭೆಯ ದಂಡೆಯ ಮೇಲೆ ಒಂದು ಹಂಚಿನ ಮನೆ. ಅದರ ಉತ್ತರದ ಗೋಡೆಯಲ್ಲಿ ಆಳೆತ್ತರದ ಕಿಟಕಿ. ಆ ಕಿಟಕಿಯ ಮುಂದೆ ಜನರನ್ನು ಕೂರಿಸಿ ಪಾಯಪ್ಪ ಮಾಸ್ತರರು ನಲವತ್ತು ವರ್ಷ ಫೋಟೋ ತೆಗೆದಿದ್ದರು.

ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲದ ಮಾತಿದು. ಮಾಸ್ತರರ ಕ್ಯಾಮೆರಾದಲ್ಲಿ ಒಂದು ರೀಲಿಗೆ ಹನ್ನೆರಡೇ ಫೋಟೋ.

ಅವರ ಕೈ ನಡುಗಲು ಶುರುವಾದ ವರ್ಷ ಕುಮುದಾ ಬಂದಳು. ಪಟ್ಟಣದ ಒಂದು ಸ್ಟುಡಿಯೋದಲ್ಲಿ ಆರು ವರ್ಷ ದುಡಿದವಳು. ಮದುಮಕ್ಕಳ ಮುಖಕ್ಕೆ ಫ್ಲ್ಯಾಶ್ ಹೊಡೆದು ಹೊಡೆದು ಬೇಸತ್ತಿದ್ದಳು.

"ಯಾಕ ಬಂದಿ?" ಎಂದು ಕೇಳಿದರು ಮಾಸ್ತರರು.

"ಅಲ್ಲಿ ಎಲ್ಲಾರ ಮಾರಿನೂ ಒಂದ ಥರ ಬರ್ತಾವ್ರಿ. ತೊಳದಿಟ್ಟ ತಾಟಿನ ಹಂಗ."

ಮಾಸ್ತರರಿಗೆ ನಗು ಬಂತು. "ಕೂಡು. ಮೊದಲ ಚಾ ಕುಡಿ."

ಆರು ತಿಂಗಳು ಅವಳ ಕೈಗೆ ಕ್ಯಾಮೆರಾ ಕೊಡಲಿಲ್ಲ. ಕಿಟಕಿಯ ಪಕ್ಕ ಕೂತು ನೋಡುವುದೇ ಕೆಲಸ. ಟಪಾಲಿನವನು ಬಂದು ಕೂತರೆ ಅವನ ಮುಖ, ಮೊಸರಿನವಳು ಬಂದರೆ ಅವಳ ಮುಖ. ಬೆಳಗಿನ ಎಂಟಕ್ಕೆ ಕೆನ್ನೆಯ ಮೇಲೆ ಬೆಳಕು ಎಲ್ಲಿ ನಿಲ್ಲುತ್ತದೆ, ಹನ್ನೊಂದಕ್ಕೆ ಎಲ್ಲಿಗೆ ಸರಿಯುತ್ತದೆ, ಮೋಡ ಹಾದರೆ ಕಣ್ಣಿನ ಕೆಳಗಿನ ಗೆರೆ ಹೇಗೆ ಕರಗುತ್ತದೆ.

ನೋಡುತ್ತ ನೋಡುತ್ತ ಅವಳಿಗೆ ಆ ಕಿಟಕಿಯ ಮೇಲೆ ಪ್ರೀತಿ ಹುಟ್ಟಿತು. ಪ್ರೀತಿ ಬೆಳೆದು ಭಕ್ತಿಯಾಯಿತು. ಭಕ್ತಿ ಬಲಿತು ಹಟವಾಯಿತು.

ಒಂದು ದಿನ ಅವಳು, ಯಾರನ್ನೂ ಕೇಳದೆ, ಮನೆಯಲ್ಲಿದ್ದ ಎರಡು ದೊಡ್ಡ ಸ್ಟುಡಿಯೋ ದೀಪಗಳನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು.

ಮಾಸ್ತರರು ಕೆಳಗೆ ನಿಂತು ನೋಡುತ್ತಿದ್ದರು.

"ನಿಚ್ಚಣಿಕಿ ಅಲ್ಲಾಡತೈತಿ. ಜ್ವಾಕಿ," ಎಂದರು.

ಕುಮುದಾ ಇಳಿದು ಬಂದು ಕೈಯ ಧೂಳು ಕೊಡವಿದಳು.

"ಮಾಸ್ತರ್, ಸೂರ್ಯನ ಬೆಳಕು ಖರೇ. ಬಲ್ಬಿನ ಬೆಳಕು ಸುಳ್ಳು. ಹೌದಲ್ರಿ?"

ಮಾಸ್ತರರು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ಕೂತರು.

"ನೀ ಸಣ್ಣಾಕಿ ಇದ್ದಾಗ ನಿಮ್ಮ ಮನ್ಯಾಗ ಕರೆಂಟ್ ಇತ್ತೇನು?"

"ಇರಲಿಲ್ರಿ. ಚಿಮಣಿ ಇತ್ತು."

"ಚಿಮಣಿ ಬೆಳಕಿನ್ಯಾಗ ನಿಮ್ಮವ್ವ ನಿನಗ ಉಣಸ್ತಿದ್ಲು."

"ಹೌದ್ರಿ."

"ಆಗ ಆಕಿ ಮಾರಿ ಸುಳ್ಳಾಗಿತ್ತೇನು?"

ಕುಮುದಾಳಿಗೆ ಅವ್ವನ ಮುಖ ಒಂದು ಗಳಿಗೆ ಕಣ್ಣ ಮುಂದೆ ಬಂದು ಹೋಯಿತು. ಆದರೆ ಸೋಲಲು ಮನಸ್ಸಿರಲಿಲ್ಲ.

"ಅದು ಬ್ಯಾರೆ, ಇದು ಬ್ಯಾರೆ," ಎಂದಳು.

"ಇರಬಹುದು," ಎಂದು ಮಾಸ್ತರರು ಅಡಿಕೆ ಬಾಯಿಗೆ ಹಾಕಿಕೊಂಡರು.

ಆಷಾಢದ ಒಂದು ಬೆಳಗ್ಗೆ ಇಬ್ಬರು ಹೆಂಗಸರು ಬಂದರು. ತಾಯಿ ನೀಲವ್ವ, ಮಗಳು ಅನಸೂಯಾ. ತಾಯಿ ಊರಿನಲ್ಲಿ ಕೌದಿ ಹೊಲಿಯುವವಳು. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಒಂದು ಹೊಸ ಕೌದಿ ಅವಳ ಬಗಲಲ್ಲಿತ್ತು.

ಮಾತಾಡಿದ್ದು ಮಗಳು.

"ನಾಳಿ ಮುಂಜಾನೆ ದೆಹಲಿಗೆ ಹೊಂಟೀನ್ರಿ. ದವಾಖಾನ್ಯಾಗ ನರ್ಸ್ ಕೆಲಸ ಸಿಕ್ಕೈತಿ. ಎರಡು ವರ್ಷ ಬರಾಕ ಆಗಂಗಿಲ್ಲ. ಅವ್ವಂದೊಂದು ಫೋಟೋ ಬೇಕ್ರಿ."

"ತೆಗೆಯೋಣಂತ," ಎಂದಳು ಕುಮುದಾ.

"ಅವ್ವಗ ಕಿವಿ ಕೇಳಂಗಿಲ್ರಿ. ತುಟಿ ನೋಡಿ ಮಾತು ತಿಳ್ಕೋತಾಳ. ಫೋನ್ ಮಾಡಿದ್ರ ಉಪಯೋಗಿಲ್ಲ. ಓದಾಕ ಬರಂಗಿಲ್ಲ, ಕಾಗದ ಬರದ್ರೂ ಉಪಯೋಗಿಲ್ಲ. ನನ್ನ ಜೋಡಿ ಬರೋದು ಫೋಟೋ ಒಂದ."

ಅನಸೂಯಾ ಚೀಲದಿಂದ ಎರಡು ಹಳೆಯ ಫೋಟೋ ತೆಗೆದು ತೋರಿಸಿದಳು. ಒಂದು ಯಾವುದೋ ಕಚೇರಿಯ ಕೆಲಸಕ್ಕೆ ತೆಗೆಸಿದ್ದು. ಇನ್ನೊಂದು ಯಾರದೋ ಮದುವೆಯದು. ಎರಡರಲ್ಲೂ ನೀಲವ್ವ, ಕಳವಿನ ಮೇಲೆ ಹಿಡಿದು ತಂದವರ ಹಾಗೆ, ಬೆದರಿ ನಿಂತಿದ್ದಳು.

"ಇದು ನಮ್ಮವ್ವ ಅಲ್ರಿ. ಮನ್ಯಾಗ ಆಕಿ ಹಿಂಗ ಇರಂಗಿಲ್ಲ."

ಕುಮುದಾ ಫೋಟೋಗಳನ್ನು ನೋಡಿದಳು. ಹಿಂದಿನ ಗೋಡೆಯ ಮೇಲೆ ಗಟ್ಟಿ ನೆರಳು, ಹಣೆಯ ಮೇಲೆ ಬಿಳಿ ಹೊಳಪು. ಎರಡೂ ಫ್ಲ್ಯಾಶ್.

"ಫ್ಲ್ಯಾಶ್ ಹೊಡದ್ರ ಹಿಂಗ ಆಗೋದು," ಎಂದಳು. "ನಾ ಕಿಟಕಿ ಬೆಳಕಿನ್ಯಾಗ ತೆಗೀತೀನಿ. ನಿಮ್ಮವ್ವ ನಿಮ್ಮವ್ವನಂಗ ಬರ್ತಾಳ ನೋಡು."

ಆವತ್ತಿನ ಬೆಳಕೂ ಹಾಗೆಯೇ ಇತ್ತು. ಆಕಾಶದ ತುಂಬ ತೆಳು ಮೋಡ. ಕಿಟಕಿಯಿಂದ ಬೆಳಕು ಹಾಲು ಹಿಂಡಿದ ಹಾಗೆ ಒಳಗೆ ಇಳಿಯುತ್ತಿತ್ತು. ಇಂಥ ಬೆಳಕು ವರ್ಷಕ್ಕೆ ನಾಲ್ಕು ದಿನ ಸಿಕ್ಕರೆ ಹೆಚ್ಚು.

ಕುಮುದಾ ನೀಲವ್ವನನ್ನು ಕಿಟಕಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರಿಸಿದಳು. ಕೌದಿಯನ್ನು ತೊಡೆಯ ಮೇಲೆ ಇಡಿಸಿದಳು. ಕಿಟಕಿಗೂ ಅವಳಿಗೂ ನಡುವೆ ಮುಕ್ಕಾಲಿ ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ತಾನು ಅದರ ಹಿಂದೆ ಕಿಟಕಿಗೆ ಬೆನ್ನು ಮಾಡಿ ನಿಂತಳು.

ನೀಲವ್ವ ಮತ್ತೆ ಮತ್ತೆ ಮಗಳ ಕಡೆ ತಿರುಗುತ್ತಿದ್ದಳು.

"ಅನಸೂಯಾ, ನೀ ಒಂದೀಟು ಹೊರಗ ಕೂಡು. ಅವ್ವ ನಿನ್ನ ಕಡೆನ ನೋಡಾಕತ್ತಾಳ."

ಮಗಳು ಹೊರಗೆ ಹೋಗಿ ಕಟ್ಟೆಯ ಮೇಲೆ ಮಾಸ್ತರರ ಪಕ್ಕ ಕೂತಳು.

ಕುಮುದಾ ಬಗ್ಗಿ ಕ್ಯಾಮೆರಾದ ಗಾಜಿನಲ್ಲಿ ನೋಡಿದಳು. ಬೆಳ್ಳಿಯಂಥ ಕೂದಲು. ಹಣೆಯ ಕುಂಕುಮ. ಹೊಳೆ ಇಳಿದ ಮೇಲೆ ಉಸುಕಿನ ಮೇಲೆ ಉಳಿಯುತ್ತವಲ್ಲ, ಅಂಥ ನವುರಾದ ಸುಕ್ಕುಗಳು. ಎಲ್ಲವೂ ಚೆಂದ. ಕಣ್ಣು ಮಾತ್ರ ಬೆದರಿದ್ದವು.

"ಒಂದೀಟು ನಗ್ರಿ," ಎಂದಳು.

ನೀಲವ್ವ ನಗಲಿಲ್ಲ. ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ ನೋಡಿದಳು.

"ಗದ್ದ ಮ್ಯಾಲೆ," ಎಂದು ಕುಮುದಾ ಕೈ ಎತ್ತಿ ತೋರಿಸಿದಳು.

ನೀಲವ್ವ ಗಡಬಡಿಸಿ ಎದ್ದು ನಿಂತಳು. ಏಳಲು ಹೇಳಿದರೆಂದು ತಿಳಿದಿದ್ದಳು. ಕುಮುದಾ ಹೋಗಿ ಭುಜ ಹಿಡಿದು ಕೂರಿಸಿ ಬಂದಳು. ಆಮೇಲೆ ಆಕೆ ಮಿಸುಕಾಡಲೇ ಇಲ್ಲ. ಕೌದಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತುಬಿಟ್ಟಳು.

ಒಂದು ತೆಗೆದಳು. ಇನ್ನೊಂದು ತೆಗೆದಳು. ಬೆಳಕು ಇನ್ನಷ್ಟು ಹದವಾದಾಗ ಮತ್ತೆ ಮೂರು ತೆಗೆದಳು. ಸ್ಟೂಲು ಗೇಣು ಸರಿಸಿ ಮತ್ತೆ ನಾಲ್ಕು. ಒಂಬತ್ತಾದವು. ಒಂಬತ್ತರಲ್ಲೂ ಅದೇ ಹಳೆಯ ಫೋಟೋದ ಮುಖ, ಒಳ್ಳೆಯ ಬೆಳಕಿನಲ್ಲಿ.

ಉಳಿದದ್ದು ಮೂರು. ಇನ್ನೊಂದು ರೀಲು ಪಟ್ಟಣದಿಂದ ಬರಬೇಕು. ಅಷ್ಟರಲ್ಲಿ ಅನಸೂಯಾಳ ರೈಲು ಹೋಗಿರುತ್ತದೆ.

ಕುಮುದಾ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ನೋಡಿ ಮಾಸ್ತರರು ಎದ್ದು ಬಂದರು.

"ಬೆಳಕು ಭಾಳ ಛಂದ ಐತ್ರಿ, ಮಾಸ್ತರ್. ಆದ್ರ ಆಕಿ ಬರವಲ್ಲಳು."

ಮಾಸ್ತರರು ಕ್ಯಾಮೆರಾದಲ್ಲಿ ನೋಡಲಿಲ್ಲ. ನೀಲವ್ವನ ಹತ್ತಿರ ಹೋಗಿ, ಅವಳ ಪಕ್ಕದಲ್ಲಿ ಬೆಳಕಿಗೆ ಮುಖ ಒಡ್ಡಿ, ನಿಧಾನವಾಗಿ ಹೇಳಿದರು. "ತಂಗಿ, ಒಂದು ನಿಮಿಷ ಏಳು. ಈಕಿ ಕೂಡ್ಲಿ."

ನೀಲವ್ವ ತಲೆಯಾಡಿಸಿ ಎದ್ದಳು.

"ಕೂಡು," ಎಂದರು ಕುಮುದಾಳಿಗೆ.

ಕುಮುದಾ ಸ್ಟೂಲಿನ ಮೇಲೆ ಕೂತಳು. ಮಾಸ್ತರರು ಹೋಗಿ ಕ್ಯಾಮೆರಾದ ಹಿಂದೆ, ಅವಳು ನಿಲ್ಲುತ್ತಿದ್ದ ಜಾಗದಲ್ಲೇ ನಿಂತರು.

ಅಲ್ಲಿಂದ ಅವಳ ಕಡೆ ಮುಖ ಮಾಡಿದರು. ಆಮೇಲೆ ಕೇಳಿದರು:

"ನಾ ಏನಂದೆ?"

"ಏನೂ ಅನ್ನಲಿಲ್ರಿ."

"ಅಂದೆ. ಧ್ವನಿ ತೆಗೀಲಿಲ್ಲ ಅಷ್ಟ. ಮತ್ತೊಮ್ಮೆ ಅಂತೀನಿ, ನೋಡು."

ಕುಮುದಾ ನೋಡಿದಳು. ಬೆಳ್ಳಗಿನ ಕಿಟಕಿ. ಅದರ ಮುಂದೆ ಮನುಷ್ಯಾಕಾರದ ಒಂದು ಕಪ್ಪು. ತುಟಿ ಇಲ್ಲ, ಕಣ್ಣಿಲ್ಲ. ಕಪ್ಪಿನಿಂದ ಒಂದು ಕೈ ಎದ್ದಿತು. ಏಳು ಎಂದೋ, ಬಾ ಎಂದೋ, ಬೇಡ ಎಂದೋ ತಿಳಿಯಲಿಲ್ಲ. ದಿನಾ ಜೊತೆಗೆ ಕೂತು ಉಣ್ಣುವ ಮನುಷ್ಯನನ್ನು ನೋಡಿ ಒಂದು ಗಳಿಗೆ ಅವಳ ಎದೆ ಝಲ್ಲೆಂದಿತು. ತನ್ನ ಸೀರೆಯ ಸೆರಗನ್ನು ತಾನೇ ಬಿಗಿಯಾಗಿ ಹಿಡಿದಿದ್ದಳು.

ಮಾಸ್ತರರು ಒಳಗೆ ಹೋದರು. ತಾವು ಪೇಪರು ಓದುವ ಮೇಜಿನ ದೀಪ ತಂದು ಕ್ಯಾಮೆರಾದ ಪಕ್ಕ ಒಂದು ಪೆಟ್ಟಿಗೆಯ ಮೇಲಿಟ್ಟರು. ಅದರ ತಗಡಿನ ಮುಚ್ಚಳವನ್ನು ಕುಮುದಾಳ ಕಡೆಗೆ ಬೆನ್ನಾಗುವಂತೆ, ಬೆಳಕು ತಮ್ಮ ಮುಖಕ್ಕೇ ಬೀಳುವಂತೆ ತಿರುಗಿಸಿಕೊಂಡರು. ಗುಂಡಿ ಒತ್ತಿದರು.

ಕಪ್ಪಿನೊಳಗಿಂದ ಅವರ ಮುಖ ಮೂಡಿ ಬಂತು. ಎರಡು ದಿನದ ಬಿಳಿ ಗಡ್ಡ. ಮುಂದಿನ ಹಲ್ಲು ಬಿದ್ದ ಸಂದು. ತುಟಿಗಳು ಅಲ್ಲಾಡಿದವು, ಧ್ವನಿಯಿಲ್ಲದೆ.

ಚಾ ಕುಡದಿಯೇನು?

ಕುಮುದಾಳಿಗೆ ನಗು ಬಂದುಬಿಟ್ಟಿತು. ಅದರ ಹಿಂದೆಯೇ ಕಣ್ಣೀರೂ ಬಂತು. ಮೂಲೆಯಲ್ಲಿ ನಿಂತಿದ್ದ ನೀಲವ್ವನೂ ಆ ತುಟಿಗಳನ್ನು ಓದಿದ್ದಳು. ತನ್ನನ್ನೇ ಕೇಳಿದರೆಂದು ತಿಳಿದು, "ಕುಡದು ಬಂದೀನ್ರಿ," ಎಂದಳು.

ಕುಮುದಾ ಎದ್ದು ನೀಲವ್ವನನ್ನು ಕೈಹಿಡಿದು ತಂದು ಕೂರಿಸಿದಳು.

"ಮಾಸ್ತರ್, ನಾನ ಕಿಟಕಿ ಕಡೆ ಮಾರಿ ಮಾಡಿ ನಿಂತ್ರ ಆಗ್ತಿತ್ತಲ್ರಿ?" ಎಂದು ಮೆಲ್ಲಗೆ ಕೇಳಿದಳು. ದೀಪದ ಮೇಲಿನ ಮುನಿಸು ಇನ್ನೂ ಪೂರ್ತಿ ಹೋಗಿರಲಿಲ್ಲ.

"ನಿಲ್ಲು. ಆಗ ಕಿಟಕಿಗೆ ಬೆನ್ನಾಗಿ ಆಕಿ ಕತ್ತಲಾಗ್ತಾಳ," ಎಂದು ಮಾಸ್ತರರು ಹೊರಗೆ ನಡೆದರು.

ಕುಮುದಾ ದೀಪದ ಮುಂದೆ ನಿಂತಳು. ಹಳದಿ ಬೆಳಕು ಕೆನ್ನೆಗೆ ಬೆಚ್ಚಗೆ ತಾಗಿತು. ಈ ಸಲ ಅವಳು ಕ್ಯಾಮೆರಾದೊಳಗೆ ಬಗ್ಗಿ ನೋಡಲಿಲ್ಲ. ಗುಂಡಿಗೆ ಕಟ್ಟಿದ ಉದ್ದ ತಂತಿಯನ್ನು ಕೈಯಲ್ಲಿ ಹಿಡಿದು, ತಲೆ ಎತ್ತಿ ನೀಲವ್ವನನ್ನೇ ನೋಡಿದಳು.

ನೀಲವ್ವನ ಕಣ್ಣು ಅವಳ ತುಟಿಗೆ ಬಂದು ಕೂತವು.

"ಕೌದಿ ಯಾರಿಗೆ?"

"ಮಗಳಿಗೆ." ತನ್ನ ಧ್ವನಿ ತಾನೇ ಕೇಳದವರ ಮಾತು, ಏರಿಳಿತವಿಲ್ಲದ್ದು. "ದೆಹಲ್ಯಾಗ ಥಂಡಿ ಭಾಳ ಅಂತ."

"ಈ ಕೆಂಪು ತುಂಡು ಯಾವ ಸೀರೀದು?"

ನೀಲವ್ವ ಕೌದಿಯ ಮೇಲೆ ಕೈಯಾಡಿಸಿದಳು. ಬಿಗಿದಿದ್ದ ಬೆರಳುಗಳು ಸಡಿಲಾದವು.

"ಸೀರೀದಲ್ಲ. ಆಕೀ ಲಂಗದ್ದು. ಮೊದಲನೇ ದಿನ ಸಾಲಿಗೆ ಹಾಕ್ಕೊಂಡು ಹೋಗಿದ್ಲು. ಅತ್ತು ಅತ್ತು ಸಿಂಬಳೆಲ್ಲಾ ಇದಕ್ಕ ಒರಸಿದ್ಲು." ಆ ಲಂಗವನ್ನು, ಆ ಮೂಗನ್ನು, ಮತ್ತೊಮ್ಮೆ ಕಣ್ಣಾರೆ ಕಂಡವಳಂತೆ ತಲೆ ಎತ್ತಿದಳು. "ಈಗ ನರ್ಸಮ್ಮ ಆಗ್ಯಾಳ."

ಕುಮುದಾ ತಂತಿ ಒತ್ತಿದಳು.

ನೀಲವ್ವ ನಕ್ಕಳು. ದನಿ ತೆಗೆದು ನಕ್ಕಳು. ಹೊರಗೆ ಕಟ್ಟೆಯ ಮೇಲೆ ಅನಸೂಯಾ ದಡಕ್ಕನೆ ಎದ್ದದ್ದು, "ಅವ್ವ ನಗಾಕತ್ತಾಳ್ರಿ" ಎಂದದ್ದು, "ನಗಲಿ, ನೀ ಕೂಡು" ಎಂದು ಮಾಸ್ತರರು ಅಂದದ್ದು ಕುಮುದಾಳಿಗೆ ಕೇಳಿಸಿತು.

ಉಳಿದ ಎರಡು ಫೋಟೋಗಳೂ ಆಗಲೇ ತೆಗೆದು ಮುಗಿದವು.

ಮಧ್ಯಾಹ್ನ ಕತ್ತಲೆಕೋಣೆಯಲ್ಲಿ ರೀಲು ತೊಳೆದು, ಹನ್ನೊಂದನೆಯ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ, ಒಣಗಿಸಿ, ಕುಮುದಾ ಮಾಸ್ತರರ ಮೇಜಿನ ಮೇಲೆ ತಂದಿಟ್ಟಳು. ಸಂಜೆ ಐದಕ್ಕೆ ಅನಸೂಯಾ ಬರುವವಳಿದ್ದಳು.

ಮಾಸ್ತರರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

"ಛಲೋ ಬಂದಾಳ," ಎಂದರು.

ಕುಮುದಾ ನೆಲ ನೋಡುತ್ತ ನಿಂತಿದ್ದಳು.

"ಮಗಳು ಬಾಯಿಬಿಟ್ಟು ಹೇಳಿದ್ಲು, ಮಾಸ್ತರ್. ತುಟಿ ನೋಡಿ ತಿಳ್ಕೋತಾಳ ಅಂತ. ನಾ ಹೂಂ ಅಂದೆ. ಆಮ್ಯಾಲೆ ಬರೇ ಬೆಳಕು ನೋಡಿದೆ. ನನ್ನ ಕಿವಿನ ಕೇಳಲಿಲ್ಲ."

"ನನಗ ಇದು ತಿಳಿಯಾಕ ಇಪ್ಪತ್ತು ವರ್ಷ ಹಿಡೀತು," ಎಂದರು ಮಾಸ್ತರರು. "ನಿನಗ ಒಂಬತ್ತು ಫೋಟೋ."

ಕುಮುದಾಳಿಗೆ ಸ್ವಲ್ಪ ಹಗುರಾಯಿತು. ಮೇಜಿನ ಬದಿಯಲ್ಲಿದ್ದ ಸಣ್ಣ ಕುಂಚ ತೆಗೆದುಕೊಂಡಳು, ಮಸಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡಳು.

"ಏನು ಮಾಡ್ತಿ?"

"ಒಂದು ತಪ್ಪು ಉಳದೈತ್ರಿ. ಕಣ್ಣಾಗ ಕಿಟಕಿ ಬಿದ್ದೈತಿ, ಅದು ಸರಿ. ಅದರ ನಡುವ ನನ್ನ ನೆರಳು, ಅದೂ ಸರಿ. ನೆರಳಿನ್ಯಾಗ ಒಂದು ಬಿಳಿ ಚುಕ್ಕಿ ಐತ್ರಿ, ದೀಪದ್ದು. ಅದಷ್ಟು ಮುಚ್ಚಿಬಿಡ್ತೀನಿ. ಬರೇ ಕಿಟಕಿ ಬೆಳಕಿನ್ಯಾಗ ತೆಗದಂಗ ಕಾಣ್ತೈತಿ."

ಮಾಸ್ತರರು ಅವಳ ಮುಂಗೈ ಹಿಡಿದರು.

"ದೀಪದ ಬೆನ್ನು ಆಕಿ ಕಡೆ ಇತ್ತು. ಆಕೀ ಕಣ್ಣಿಗೆ ದೀಪ ಕಾಣೋದು ಹೆಂಗ?"

ಭೂತಗನ್ನಡಿಯನ್ನು ಅವಳ ಕಡೆ ಸರಿಸಿದರು.

ಕುಮುದಾ ಬಗ್ಗಿ ನೋಡಿದಳು. ಎಳ್ಳುಕಾಳಿಗಿಂತ ಸಣ್ಣದು. ದುಂಡಗಿತ್ತು. ಕೆಳಗೆ ತುಸು ಚೂಪಾಗಿತ್ತು, ಗದ್ದದ ಹಾಗೆ.

ಹೊರಗೆ ಅಂಗಳದಲ್ಲಿ ಅನಸೂಯಾ ಚಪ್ಪಲಿ ಬಿಡುವ ಸದ್ದಾಯಿತು. ಕುಂಚ ಇನ್ನೂ ಕುಮುದಾಳ ಕೈಯಲ್ಲೇ ಇತ್ತು.

"ಅದು ನೀನು, ತಂಗಿ," ಎಂದರು ಮಾಸ್ತರರು. "ಅಳಿಸಿದ್ರ, ಅವ್ವ ಯಾರ ಜೋಡಿ ಮಾತಾಡಾಕತ್ತಾಳ ಅಂತ ಆ ಮಗಳಿಗೆ ಹೆಂಗ ತಿಳೀಬೇಕು?"