ಆಮೆಗುಡ್ಡದ ಕೋಟೆಗೆ ನನ್ನ ದಂಡಯಾತ್ರೆ

"ಎಂಥ ಸೈನ್ಯವೇ ಬರಲಿ, ನನ್ನ ಅಪ್ಪಣೆಯಿಲ್ಲದೆ ಆಮೆಗುಡ್ಡದ ಕೋಟೆಯೊಳಗೆ ಯಾರೂ ಕಾಲಿಡಲಾರರು!" ಎಂದು ಮಲ್ಲರಸರು ತುಂಬಿದ ಸಭೆಯಲ್ಲಿ ಮೀಸೆ ತಿರುವಿದರು.

ಸಮುದ್ರದ ನಡುವಿನ ಆ ಪುಟ್ಟ ಗುಡ್ಡದ ಮೇಲೆ ಆಗಷ್ಟೇ ಗೋಡೆ, ಬುರುಜು ಎದ್ದಿದ್ದವು. ಶತ್ರುಗಳು ನುಸುಳಬಾರದೆಂದು ಅರಸರು ಬೆಸ್ತರ ದೋಣಿಗಳನ್ನೂ ಅತ್ತ ಸುಳಿಯದಂತೆ ತಡೆದಿದ್ದರು.

ನಾನು ಆಸ್ಥಾನದ ವಿದೂಷಕ ಹಮ್ಮಣ್ಣ. ನನ್ನ ಶೌರ್ಯ ಎಷ್ಟೆಂದರೆ, ಹಲ್ಲಿ ಬಿದ್ದರೆ ಮಂಚ ಹತ್ತುತ್ತೇನೆ. ಆದರೂ ಅಂದು ಬಾಯಿ ತೆರೆಯಲೇಬೇಕಾಯಿತು. ಬೆಳಿಗ್ಗೆ ಬೆಸ್ತರ ಮಾಸ್ತಮ್ಮ ನನ್ನ ಜಗಲಿಯಲ್ಲಿ ಕೂತು ಅತ್ತಿದ್ದಳು.

"ಆ ಗುಡ್ಡದ ಬಂಡೆ ಮೇಲೇ ನಾವು ಮೀನು ಒಣಗ್ಸೂದು, ಹಮ್ಮಣ್ಣಾ. ಇಲ್ಲಿ ದಡದ ಹೊಯ್ಗೆಲಿ ಒಣಗ್ಸಿದ್ರೆ ಮೀನಿಗೆಲ್ಲಾ ಮರಳು ಹತ್ತಿ ಬರೀ ಹೊಯ್ಗೆ ತಿನ್ನೂದೇಯ. ಮಳೆಗಾಲದಲ್ಲಿ ಮಕ್ಕಳಿಗೆ ಎಂತ ಹಾಕೂದು?"

ಅವಳ ಕಣ್ಣೀರು ಇನ್ನೂ ನೆನಪಿತ್ತು. "ಪ್ರಭು, ಆ ಕೋಟೆಯನ್ನು ನಾನೊಬ್ಬನೇ ಗೆಲ್ಲುತ್ತೇನೆ" ಎಂದುಬಿಟ್ಟೆ.

ಸಭೆ ಬಿದ್ದು ಬಿದ್ದು ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ.

"ಗೆದ್ದರೆ ಕೇಳಿದ್ದು ಕೊಡುತ್ತೇನೆ. ಸೋತರೆ ಜೀವಮಾನವಿಡೀ ಅಲ್ಲೇ ಕಾವಲು!" ಎಂದರು ಅರಸರು.

ಮರುದಿನ ಅರಸರ ಒಪ್ಪಿಗೆಯಿಂದಲೇ ಮಾಸ್ತಮ್ಮನ ಗಂಡ ನನ್ನನ್ನು ದೋಣಿಯಲ್ಲಿ ಗುಡ್ಡಕ್ಕೆ ಬಿಟ್ಟ. ದಾರಿಯುದ್ದಕ್ಕೂ ವಾಂತಿ ಮಾಡುತ್ತಾ ದಂಡೆತ್ತಿ ಹೋದ ವೀರ ನಾನೊಬ್ಬನೇ ಇರಬೇಕು. ಕತ್ತಿ ಭಾರ, ಅದಕ್ಕೇ ತಂದಿರಲಿಲ್ಲ. ತಂದದ್ದು ಮಾಸ್ತಮ್ಮ ತನ್ನ ಮನೆಯಲ್ಲಿ ಉಳಿದಿದ್ದರಲ್ಲಿ ಕೊಟ್ಟ ಒಂದು ಬುಟ್ಟಿ ಒಣ ಬಂಗುಡೆ ಮೀನು ಮತ್ತು ಒಂದಿಷ್ಟು ಇದ್ದಿಲು.

ಕೋಟೆಯ ಬಾಗಿಲೆದುರು ಕೆಂಡ ಮಾಡಿ ಬಂಗುಡೆ ಸುಡತೊಡಗಿದೆ. ಗಾಳಿ ಕೋಟೆಯತ್ತಲೇ ಬೀಸುತ್ತಿತ್ತು. ಬೆಸ್ತರು ಬರುವುದು ನಿಂತ ಮೇಲೆ ಒಳಗಿನ ಭಟರಿಗೆ ಎರಡು ಹೊತ್ತೂ ಬರೀ ಗಂಜಿ, ಉಪ್ಪು.

ಗೋಡೆಯ ಮೇಲೆ ಒಂದು ತಲೆ ಕಾಣಿಸಿತು. "ಹಮ್ಮಣ್ಣಾ, ಬಂಗ್ಡೆಯಾ ಅದು?"

"ಹೌದು ಮಾರಾಯಾ. ಒಳಗೆ ತರೂಕೆ ಅಪ್ಪಣೆ ಇಲ್ಲ."

"ನಾವು ಹೊರಗೆ ಬರೂಕಾಗ ಅಂತ ಯಾರೂ ಹೇಳ್ಲಿಲ್ಲ!"

ಅಗಳಿ ಸರಿಯಿತು. ಒಬ್ಬೊಬ್ಬರಾಗಿ ಎಲ್ಲ ಭಟರೂ ಬಂದರು. ಕೊನೆಗೆ ಅವರ ನಾಯಕನೂ ಗಂಜಿ ಬಟ್ಟಲು ಹಿಡಿದು ಬಂದ.

"ಮಗುಚಿ ಹಾಕ್ತಾ ಇರಿ, ಸೀದು ಹೋದೀತು" ಎಂದು ಹೇಳಿ ನಾನು ಮೆಲ್ಲಗೆ ಒಳಗೆ ನಡೆದು ಬಾಗಿಲು ಹಾಕಿಕೊಂಡೆ. ಆ ದಪ್ಪ ಅಗಳಿ ಎಳೆಯುವಾಗ ಸೊಂಟ ಹಿಡಿಯಿತು. ಯುದ್ಧದಲ್ಲಿ ನನಗಾದ ಗಾಯ ಅದೊಂದೇ.

ಸಂಜೆ ನನ್ನನ್ನು ಕಾವಲಿಗೆ ಸೇರಿಸಲು ಅರಸರೇ ದೋಣಿಯಲ್ಲಿ ಬಂದರು. ನೋಡಿದರೆ ಇಡೀ ಪಡೆ ಹೊರಗೆ ಬೆರಳು ನೆಕ್ಕುತ್ತಾ ನಿಂತಿದೆ.

"ಹಮ್ಮಣ್ಣ, ಬಾಗಿಲು ತೆಗೆ!"

"ಮೊದಲು ಬೆಸ್ತರಿಗೆ ಬಂಡೆ ಬಿಟ್ಟುಕೊಡಿ, ಪ್ರಭು" ಎಂದು ಗೋಡೆಯ ಮೇಲಿಂದ ತಲೆ ಹಾಕಿ ಕೂಗಿದೆ. "ಮೀನು ಇಲ್ಲೇ ಸಿಕ್ಕರೆ ನಿಮ್ಮ ಭಟರು ಶತ್ರುವಿನ ಒಲೆಗೆ ಓಡುವುದಿಲ್ಲ."

ಅರಸರು ತಮ್ಮ ಭಟರನ್ನೊಮ್ಮೆ ನೋಡಿದರು. ನಾಯಕ ಬಟ್ಟಲನ್ನು ಬೆನ್ನ ಹಿಂದೆ ಅಡಗಿಸಿದ.

"ಬಿಟ್ಟುಕೊಟ್ಟೆ. ಆದರೆ ನನ್ನ ದಂಡನಾಯಕನಿಗೇ ಕಾಣದ ಈ ಕೋಟೆಯ ಹುಳುಕು ನಿನಗೆ ಹೇಗೆ ಕಂಡಿತು?"

"ಕೋಟೆಯನ್ನು ನಾನು ನೋಡಲೇ ಇಲ್ಲ, ಪ್ರಭು. ಕಾವಲಿಗೆ ನಾನೇ ಇದ್ದಿದ್ದರೆ ಯಾವುದಕ್ಕೆ ಬಾಗಿಲು ತೆಗೆಯುತ್ತಿದ್ದೆ ಎಂದು ಯೋಚಿಸಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ."

ಅರಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾದ ಮೇಲೆ ಭಟರತ್ತ ತಿರುಗಿ ಮೆಲುದನಿಯಲ್ಲಿ ಕೇಳಿದರು: "ನನಗೇನಾದರೂ ಉಳಿಸಿದ್ದೀರೋ?"