ಹಾಲವ್ವನಿಗೆ ಏನು ಇಷ್ಟ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಮುಖ ನೋಡಿದೊಡನೆ ನನಗೆ ತಿಳಿಯುತ್ತದೆ. ಎಲ್ಲರೂ ಇದನ್ನು ವರ ಎನ್ನುತ್ತಾರೆ. ಹಾಗಿದ್ದರೆ ನನಗೇಕೆ ಒಂದು ಗಳಿಗೆಯೂ ನೆಮ್ಮದಿಯಿಲ್ಲ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಕಂಬಳಿ ನೇಯುವವನಿದ್ದ. ಅವನ ಹೆಂಡತಿಗೆ ಮನಸ್ಸಿನ ಕಾಯಿಲೆ ಬಂತು. ಯಾರಿಗೂ ಕೇಳಿಸದ ದನಿಗಳು ಅವಳಿಗೆ ಕೇಳಿಸುತ್ತಿದ್ದವು. ಅನ್ನಕ್ಕೆ ವಿಷ ಬೆರೆಸಿದ್ದಾರೆ ಎಂದು ಅವು ಹೇಳುತ್ತಿದ್ದವು. ಗಂಡ ಬೇಡಿಕೊಂಡ, ಗದರಿದ. ಅವಳು ತಟ್ಟೆ ಮುಟ್ಟಲಿಲ್ಲ. ಮಗಳು ಹಾಲವ್ವನಿಗೆ ಆಗ ಎಂಟು ವರ್ಷ. ಎರಡು ದಿನ ತಾಯಿ ಉಪವಾಸವಿದ್ದುದನ್ನು ಕಂಡು ಅವಳ ಪಕ್ಕದಲ್ಲಿ ಹೋಗಿ ಕೂತಳು.

"ಅವ್ವಾ, ಆ ದನಿ ನನಗೆ ಕೇಳಿಸುವುದಿಲ್ಲ. ಆದರೆ ನಿನಗೆ ಹೆದರಿಕೆಯಾಗಿದೆ ಎಂದು ಗೊತ್ತು. ಮೊದಲು ನಾನು ತಿನ್ನುತ್ತೇನೆ, ನೀನು ನೋಡು."

ತಾಯಿ ನೋಡಿದಳು. ಆಮೇಲೆ ಉಂಡಳು.

ಅಂದಿನಿಂದ ಪ್ರತಿ ಊಟದಲ್ಲೂ ಮೊದಲ ತುತ್ತು ಹಾಲವ್ವನದು. ತಾಯಿ ಸೆರಗು ಹಿಂಡುವ ರೀತಿ ನೋಡಿಯೇ ಆ ದಿನ ಹೇಗೆ ಕಳೆಯುತ್ತದೆಂದು ಅವಳು ತಿಳಿಯುತ್ತಿದ್ದಳು. ಆಡುವಾಗಲೂ ಅವಳ ಕಿವಿ ಮನೆಯ ಕಡೆಗೇ ಇರುತ್ತಿತ್ತು. ವೈದ್ಯರ ಮದ್ದಿನಿಂದ ಕೆಲವು ವರ್ಷಗಳಲ್ಲಿ ತಾಯಿ ಚೇತರಿಸಿಕೊಂಡಳು. ಮಗಳ ಎದೆಯ ನಡುಕ ಮಾತ್ರ ನಿಲ್ಲಲಿಲ್ಲ.

ಮದುವೆಯಾಗಿ ಹೋದ ಮನೆ ಶಾಂತವಾಗಿತ್ತು. ಅದೇ ಅವಳನ್ನು ಹೆದರಿಸಿತು. ಅತ್ತೆ ಕೆಮ್ಮುವ ಮೊದಲೇ ನೀರು ತರುತ್ತಿದ್ದಳು. ಅತ್ತೆ ಸುಮ್ಮನೆ ಕೂತರೆ, ತನ್ನಿಂದ ಏನು ತಪ್ಪಾಯಿತೋ ಎಂದು ಕಂಗಾಲಾಗುತ್ತಿದ್ದಳು. ಸಿಕ್ಕರೆ ಇಂಥ ಸೊಸೆ ಸಿಗಬೇಕು ಎಂದು ಊರವರು ಹೊಗಳಿದರು. ಅತ್ತೆಗೆ ಮಾತ್ರ ಸೊಸೆಯ ಈ ಆತಂಕ ಸರಿ ಕಾಣಲಿಲ್ಲ. ಒಂದು ದಿನ ಅಡುಗೆಗೆ ಮುಂಚೆ, ನಿನಗೆ ಏನು ಇಷ್ಟ ಎಂದು ಕೇಳಿದಳು. ಹಾಲವ್ವ ಉತ್ತರಕ್ಕಾಗಿ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆಯ ಕಡೆ ತಿರುಗಿ ಕೂತಳು.

"ಈಗ ಹೇಳು, ಮಗಳೇ."

 

"ನನಗೆ ಗೊತ್ತಿಲ್ಲ, ಅತ್ತೆ."

"ಗೊತ್ತಾಗಲಿ. ಅವಸರವಿಲ್ಲ" ಎಂದಳು ಅತ್ತೆ, ತಿರುಗದೆಯೇ.

ಹಲವು ದಿನಗಳ ಮೇಲೆ, ಒಲೆಯ ಮುಂದೆ ಕೂತಿದ್ದಾಗ, ಯಾರೂ ಕೇಳದೆ, ತನಗೆ ಹುಳಿ ಸೇರುವುದಿಲ್ಲ ಎಂದು ಹಾಲವ್ವ ಹೇಳಿದಳು. ಹೇಳಿ, ತಲೆ ಎತ್ತಲಾರದೆ ಬೆಂಕಿಯನ್ನೇ ನೋಡುತ್ತಿದ್ದಳು. ಅತ್ತೆ ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿದಳು.

ಕತೆ ಮುಗಿಸಿ ಗುರುಗಳು ಶಿಷ್ಯನನ್ನು ಕೇಳಿದರು: "ಮನೆಯಲ್ಲಿ ಯಾರ ಮುಖ ನೋಡಿ ನೀನು ಇದನ್ನು ಕಲಿತೆ?"